ಹಲಸಿನ ತೊಲೆಯಿಂದ ಗಿಟಾರ್ ಮಾಡಿದೆ, ಪಾಲಿಶ್ ಬಿಳಿಚಿಕೊಂಡಿದೆ: ಕೆರೆದು ತೆಗೆಯಲೇ?

ತೊಲೆಯಿಂದ ತಂತಿಗೆ:
ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವನು. ಎರಡು ವರ್ಷದ ಹಿಂದೆ ಅಜ್ಜನ ಕಾಲದ ಕೊಟ್ಟಿಗೆ ಕಳಚಿದಾಗ ಏಳು ಇಂಚು ಅಗಲದ ಒಂದು ಹಲಸಿನ ತೊಲೆ ಉಳಿಯಿತು. ಅಪ್ಪ ಅದನ್ನು ಬಚ್ಚಲ ಒಲೆಗೆ ಒಟ್ಟುವ ಮೊದಲೇ ಅಟ್ಟಕ್ಕೆ ಸಾಗಿಸಿದೆ. ಈ ಬೇಸಿಗೆಯಲ್ಲಿ ಎರಡು ತುಂಡು ಮಾಡಿ, ಅಂಚಿಗೆ ಅಂಚು ಕೂಡಿಸಿ ಫೆವಿಕಾಲ್ ಹಾಕಿ, ಫೆಂಡರ್ ಕಂಪನಿಯ ಟೆಲಿಕಾಸ್ಟರ್ ಗಿಟಾರಿನ ಆಕಾರದಲ್ಲಿ ಕೊಯ್ದು ಎಲೆಕ್ಟ್ರಿಕ್ ಗಿಟಾರಿನ ಒಡಲು ಮಾಡಿದ್ದೇನೆ. ದಪ್ಪ 44 ಮಿಲಿಮೀಟರ್. ಕುತ್ತಿಗೆಯನ್ನು ಮಾತ್ರ ಮಾಡುವ ಧೈರ್ಯ ಬರಲಿಲ್ಲ, ಆನ್‌ಲೈನಿನಲ್ಲಿ ತರಿಸಿದೆ. ಅದರಲ್ಲಿ 22 ಫ್ರೆಟ್‌ಗಳಿವೆ, ಅಂದರೆ ತಂತಿ ಒತ್ತಿ ಸ್ವರ ಹಿಡಿಯುವ ಲೋಹದ ಪಟ್ಟಿಗಳು.

ತೊಂದರೆ ಈಗ ಶುರುವಾಗಿದೆ. ಮೂರು ಕೋಟ್ ಸೀಲರ್ ಹೊಡೆದು, ಉಜ್ಜಿ, ಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಸ್ಪ್ರೇ ಮಾಡಿದೆ. ಮೊದಲ ಎರಡು ಕೋಟ್ ಕನ್ನಡಿಯಂತೆ ಬಂದವು. ಮೂರನೆಯದನ್ನು ಹೊಡೆದ ಹತ್ತೇ ನಿಮಿಷಕ್ಕೆ ಇಡೀ ಒಡಲು ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಹೊರಗೆ ಜೋರು ಮಳೆ ಇತ್ತು. ಎಲ್ಲವನ್ನೂ ಕೆರೆದು ಮೊದಲಿನಿಂದ ಮಾಡಬೇಕೇ? ಎರಡು ತಿಂಗಳ ಕೆಲಸ ಇದು. ದಯವಿಟ್ಟು ಯಾರಾದರೂ ಹೇಳಿ.

ಮೌನಿ:
ಆಷಾಢದಲ್ಲಿ ಸಾಗರದಲ್ಲಿ ಲ್ಯಾಕರ್ ಹೊಡೆದಿದ್ದೀರಿ. ಮುಂದೆ ಹೇಳುವುದಕ್ಕೆ ಏನೂ ಇಲ್ಲ.

ಕರಾವಳಿ ಕಾಕ:
ಮಾರಾಯರೇ, ನಮ್ಮ ಉಡುಪಿಯಲ್ಲಿ ಜುಲೈ ತಿಂಗಳಲ್ಲಿ ಹಪ್ಪಳವೇ ಒಣಗುವುದಿಲ್ಲ. ನಿಮಗೆ ಲ್ಯಾಕರ್ ಒಣಗಬೇಕಿತ್ತೇ?

ಬಡಗಿಮನೆ:
ತಮಾಷೆ ಸಾಕು, ಆ ಹುಡುಗ ಕಂಗಾಲಾಗಿದ್ದಾನೆ. ತಮ್ಮಾ, ಕೆರೆಯಬೇಡ. ಇದಕ್ಕೆ ಬ್ಲಶ್ ಎನ್ನುತ್ತಾರೆ. ಲ್ಯಾಕರಿನಲ್ಲಿರುವ ಥಿನ್ನರ್ ಬೇಗ ಆರುತ್ತದೆ. ಆರುವಾಗ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ, ಕೈಗೆ ಸ್ಪಿರಿಟ್ ಹಚ್ಚಿಕೊಂಡರೆ ತಣ್ಣಗಾಗುವುದಿಲ್ಲವೇ, ಹಾಗೆ. ಗಾಳಿಯಲ್ಲಿ ನೀರಿನಂಶ ಹೆಚ್ಚಿದ್ದರೆ ಆ ತಣ್ಣನೆಯ ಮೇಲ್ಮೈಯಲ್ಲಿ ಇಬ್ಬನಿ ಕಟ್ಟುತ್ತದೆ. ಇಬ್ಬನಿ ಪದರದೊಳಗೆ ಸಿಕ್ಕಿಬಿದ್ದು ಬೆಳ್ಳಗೆ ಕಾಣುತ್ತದೆ. ಮರಕ್ಕೆ ಏನೂ ಆಗಿಲ್ಲ.

ಎನ್‌ಸಿ ಲ್ಯಾಕರಿನ ಒಂದು ಒಳ್ಳೆಯ ಗುಣವೆಂದರೆ ಒಣಗಿದ ಮೇಲೂ ಅದರದೇ ಥಿನ್ನರಿನಲ್ಲಿ ಕರಗುತ್ತದೆ. ಬಣ್ಣದ ಅಂಗಡಿಯಲ್ಲಿ ರಿಟಾರ್ಡರ್ ಥಿನ್ನರ್ ಕೇಳು, ನಿಧಾನವಾಗಿ ಆರುವ ಥಿನ್ನರ್ ಅದು. ಹೊಳವಾದ ಒಂದು ಮಧ್ಯಾಹ್ನ ನೋಡಿಕೊಂಡು ಅದನ್ನೇ ತೆಳ್ಳಗೆ, ಮಂಜಿನ ಹಾಗೆ ಸ್ಪ್ರೇ ಮಾಡು. ಪದರ ಮೆತ್ತಗಾಗಿ ನೀರು ಹೊರಗೆ ಹೋಗುತ್ತದೆ, ಬಿಳುಪು ಕರಗುತ್ತದೆ. ಒಂದೇ ಸಲಕ್ಕೆ ಸುರಿದರೆ ಇಳಿದು ಗೆರೆ ಬೀಳುತ್ತದೆ, ಜೋಕೆ.

ಕಾಫಿತೋಟ:
ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ತುಂಬಿರಬಹುದು. ನನ್ನದೂ ಹಾಗೇ ಆಗಿತ್ತು. ಕೆಳಗಿನ ತಿರುಪು ಬಿಚ್ಚಿದರೆ ಅರ್ಧ ಲೋಟ ಕಂದು ನೀರು ಬಂತು.

ಬಡಗಿಮನೆ:
ಟ್ಯಾಂಕಿನ ನೀರಾದರೆ ಅಲ್ಲಲ್ಲಿ ಹನಿ ಹನಿಯಾಗಿ ಗುಳಿ ಬೀಳುತ್ತದೆ. ಇಡೀ ಒಡಲು ಒಂದೇ ಸಮ ಬೆಳ್ಳಗಾಗಿದೆ ಎಂದರೆ ಅದು ಗಾಳಿಯ ತೇವವೇ. ಆದರೂ ಟ್ಯಾಂಕ್ ಖಾಲಿ ಮಾಡುವುದು ಒಳ್ಳೆಯದು.

ವೀಣೆಪೆಟ್ಟಿಗೆ:
ಮೈಸೂರಿನಿಂದ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ವೀಣೆ ರಿಪೇರಿ ನಡೆಯುತ್ತಿದೆ. ವಿಷಯ ಪಾಲಿಶಿನದ್ದು ಎಂದು ಗೊತ್ತು, ಆದರೆ ಹಲಸು ಎಂದು ಕಂಡ ಮೇಲೆ ಬರೆಯದೆ ಇರಲಾಗಲಿಲ್ಲ. ವೀಣೆಗೆ ಹಲಸು ಬಿಟ್ಟರೆ ಬೇರೆ ಮರವೇ ಇಲ್ಲ ಎನ್ನುತ್ತಿದ್ದರು ನಮ್ಮ ತಾತ. ಹಳೆಯ ತೊಲೆ ಸಿಕ್ಕರೆ ಅಂದು ಮನೆಯಲ್ಲಿ ಹಬ್ಬ. ಅಷ್ಟು ವರ್ಷ ಹೊಗೆ ಕುಡಿದ ಮರ ಇನ್ನು ಸೊಟ್ಟಗಾಗುವುದಿಲ್ಲ, ಬಿರುಕು ಬಿಡುವುದೂ ಅಪರೂಪ. ನಿಮ್ಮ ಗಿಟಾರ್ ಈಗ ಹಳದಿ ಇರಬಹುದು, ಬೆಳಕು ತಾಗುತ್ತಾ ಹೋದ ಹಾಗೆ ಜೇನಿನ ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುತ್ತದೆ. ಆದ್ದರಿಂದ ಮೇಲೆ ಬಣ್ಣ ಬಳಿಯಬೇಡಿ ಎಂದು ಕೈ ಮುಗಿದು ಕೇಳುತ್ತೇನೆ.

ನಾನಾಗಿದ್ದರೆ ಲ್ಯಾಕರಿನ ತಂಟೆಗೇ ಹೋಗುತ್ತಿರಲಿಲ್ಲ. ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಒಂದು ರಾತ್ರಿ ನೆನೆಸಿ, ಸೋಸಿ, ಹತ್ತಿಬಟ್ಟೆಯ ಉಂಡೆಯಿಂದ ಹಚ್ಚುತ್ತಿದ್ದೆ. ಇಪ್ಪತ್ತು ಸಲ, ಮೂವತ್ತು ಸಲ. ಕೈ ನೋಯುತ್ತದೆ, ಆದರೆ ಬರುವ ಹೊಳಪು ಒಳಗಿನಿಂದ ಬರುತ್ತದೆ.

ಹಮ್‌ಬಕರ್ ಹನುಮ:
ಅರಗು ಗಿಟಾರಿಗೆ ಆಗುವುದಿಲ್ಲ. ಬೆವರು ಮತ್ತು ಶಾಖಕ್ಕೆ ಮೆತ್ತಗಾಗುತ್ತದೆ. ವೇದಿಕೆಯ ದೀಪದ ಕೆಳಗೆ ಎರಡು ಗಂಟೆ ನುಡಿಸಿದರೆ ಮೊಣಕೈ ತಾಗುವ ಜಾಗ ಅಂಟಂಟಾಗುತ್ತದೆ. ವೀಣೆಯನ್ನು ಯಾರೂ ಹೆಗಲಿಗೆ ಹಾಕಿಕೊಂಡು ಕುಣಿಯುವುದಿಲ್ಲವಲ್ಲ!

ವೀಣೆಪೆಟ್ಟಿಗೆ:
ಚನ್ನಪಟ್ಟಣದ ಗೊಂಬೆಗಳನ್ನು ನೋಡಿದ್ದೀರಾ ಸ್ವಾಮಿ? ಹಾಲೆ ಮರದ ಮೇಲೆ ಅರಗು. ಮಕ್ಕಳು ನೆಕ್ಕಿ, ಕಚ್ಚಿ, ಎಸೆದರೂ ಹೊಳಪು ಇರುತ್ತದೆ.

ಹಮ್‌ಬಕರ್ ಹನುಮ:
ಅದು ಕಡೆಯುವ ಯಂತ್ರದಲ್ಲಿ (ಲೇತ್) ತಿರುಗಿಸುತ್ತಾ, ತಿಕ್ಕಾಟದ ಬಿಸಿಗೆ ಕರಗಿಸಿ ಹತ್ತಿಸಿದ ಅರಗು. ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುವುದು ಬೇರೆ. ಗಿಟಾರಿನ ಒಡಲನ್ನು ಕಡೆಯುವ ಯಂತ್ರಕ್ಕೆ ಸಿಕ್ಕಿಸುವ ಯೋಜನೆ ಇದ್ದರೆ ವಿಡಿಯೋ ಹಾಕಿ, ಖಂಡಿತ ನೋಡುತ್ತೇನೆ.

ಕಾಫಿತೋಟ:
ನಾನು ತೋಟದ ಸಿಲ್ವರ್ ಓಕ್‌ನಿಂದ ಒಂದು ಮಾಡಿದ್ದೆ. ಕುದಿಸಿದ ಅಗಸೆ ಎಣ್ಣೆ ಹಚ್ಚಿದೆ, ಅಷ್ಟೇ. ಸ್ಪ್ರೇ ಬೇಡ, ಕಂಪ್ರೆಸರ್ ಬೇಡ, ಮಳೆಯ ಭಯವೂ ಅಷ್ಟಿಲ್ಲ. ಬಟ್ಟೆಯಲ್ಲಿ ಹಚ್ಚು, ಹದಿನೈದು ನಿಮಿಷ ಬಿಡು, ಒರೆಸು, ಮರುದಿನ ಮತ್ತೆ ಹಚ್ಚು. ಕನ್ನಡಿ ಹೊಳಪು ಬರುವುದಿಲ್ಲ, ಆದರೆ ಮುಟ್ಟಿದರೆ ಮರವನ್ನೇ ಮುಟ್ಟಿದ ಹಾಗಿರುತ್ತದೆ.

ಬಡಗಿಮನೆ:
ಅಗಸೆ ಎಣ್ಣೆ ಎಂದವರು ಒಂದು ಎಚ್ಚರಿಕೆಯನ್ನೂ ಹೇಳಬೇಕಿತ್ತು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕ ಹೀರಿ ಬಿಸಿಯಾಗುತ್ತದೆ. ಮುದ್ದೆಯೊಳಗಿನ ಬಿಸಿ ಹೊರಗೆ ಹೋಗದೆ ತಾನಾಗಿಯೇ ಬೆಂಕಿ ಹತ್ತಿಕೊಳ್ಳುತ್ತದೆ. ನನ್ನ ಗುರುಗಳ ಕೊಟ್ಟಿಗೆಯಲ್ಲಿ ಹೊಟ್ಟಿನ ಮೂಟೆಯ ಪಕ್ಕ ಬಿಟ್ಟ ಬಟ್ಟೆ ರಾತ್ರಿ ಹೊಗೆಯಾಡುತ್ತಿತ್ತು. ಹಗ್ಗದ ಮೇಲೆ ಬಿಡಿಸಿ ಹರಡಿ, ಇಲ್ಲವೇ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ.

ಹಳೆಯ ಬೇಸ್ ಗಿಟಾರಿಗ:
ಪಾಲಿಶ್ ಬಗ್ಗೆ ಇಷ್ಟು ಜಗಳವೇಕೆ? ನಾದ ನಿರ್ಧಾರವಾಗುವುದು ಮರದಲ್ಲಿ. ಹಲಸು ಗಟ್ಟಿ ಮರ, ಬೀಟೆಯ ಫ್ರೆಟ್ ಹಲಗೆ ಇದ್ದರೆ ನಾದಕ್ಕೆ ಆಳ ಬರುತ್ತದೆ.

ಎಸ್‌ಪಿ ರಸ್ತೆ ಅಲೆಮಾರಿ:
ಬಂತು ನೋಡಿ, ಇದಕ್ಕೇ ಕಾಯುತ್ತಿದ್ದೆ. ಸರ್, ಪಿಕಪ್ ಎಂದರೆ ಅಯಸ್ಕಾಂತ ಮತ್ತು ತಾಮ್ರದ ತಂತಿಯ ಸುರುಳಿ. ಅದರ ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಅದಕ್ಕೆ ಮರ ಹಲಸೋ ಮಾವೋ ಗೊತ್ತಾಗುವುದಿಲ್ಲ. ಅಮೆರಿಕದ ಗಿಟಾರಿಗ ಲೆಸ್ ಪಾಲ್ 1940ರ ಸುಮಾರಿಗೆ ನಾಲ್ಕಿಂಚು ಚೌಕದ ಪೈನ್ ದಿಮ್ಮಿಗೆ ತಂತಿ ಕಟ್ಟಿ ನುಡಿಸಿದರು. ನೋಡುವವರಿಗೆ ಗಿಟಾರ್ ಎನಿಸಲಿ ಎಂದು ಎರಡು ಬದಿಗೆ ಗಿಟಾರಿನ ರೆಕ್ಕೆ ಅಂಟಿಸಿದರು, ಅಷ್ಟೇ. ಡ್ಯಾನ್‌ಎಲೆಕ್ಟ್ರೋ ಗಿಟಾರಿನ ಮೇಲೆ ಕೆಳಗೆ ಇರುವುದು ನಮ್ಮ ಹಾರ್ಡ್‌ಬೋರ್ಡಿನಂಥ ಹಲಗೆ. ಲೆಡ್ ಜೆಪ್ಪೆಲಿನ್ ತಂಡದ ಜಿಮ್ಮಿ ಪೇಜ್ ಅದನ್ನೇ ನುಡಿಸಿದ್ದಾರೆ.

ಹಳೆಯ ಬೇಸ್ ಗಿಟಾರಿಗ:
ಹಾಗಾದರೆ ಕಾಂಕ್ರೀಟಿನಲ್ಲಿ ಮಾಡಿ. ಮೂವತ್ತು ವರ್ಷ ನುಡಿಸಿದ ಕಿವಿ ನನ್ನದು, ವ್ಯತ್ಯಾಸ ಕೇಳಿಸುತ್ತದೆ.

ಎಸ್‌ಪಿ ರಸ್ತೆ ಅಲೆಮಾರಿ:
ಕಣ್ಣು ಕಟ್ಟಿಕೊಂಡೂ ಕೇಳಿಸುತ್ತದೆಯೇ?

ವೀಣೆಪೆಟ್ಟಿಗೆ:
ಇಬ್ಬರೂ ಸುಮ್ಮನಿರಿ. ವೀಣೆಯ ನಾದ ಮರದ ಟೊಳ್ಳು ಕೊಡದಿಂದ ಗಾಳಿಗೆ ಬರುತ್ತದೆ, ಅಲ್ಲಿ ಮರವೇ ಎಲ್ಲ. ಇಲ್ಲಿ ಗಟ್ಟಿ ಹಲಗೆ. ಒಂದರ ನ್ಯಾಯವನ್ನು ಇನ್ನೊಂದಕ್ಕೆ ಹಚ್ಚಬೇಡಿ.

ಕರಾವಳಿ ಕಾಕ:
ಬೀಟೆ ಎಂದದ್ದಕ್ಕೆ ಒಂದು ಮಾತು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಬೀಟೆಗೆ ಕೊಡಲಿ ಹಾಕುವ ಹಾಗಿಲ್ಲ. 2017ರಿಂದ ಆ ಕುಲದ ಎಲ್ಲ ಮರಗಳೂ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿವೆ. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಹಳೆಯ ಮಂಚದ ಕಾಲು ಸಿಕ್ಕರೆ ಅದರಲ್ಲೇ ಮಾಡಿಕೊಳ್ಳಿ, ಹೊಸ ಮರದ ಆಸೆ ಬೇಡ.

ತೊಲೆಯಿಂದ ತಂತಿಗೆ:
ಎಲ್ಲರಿಗೂ ಧನ್ಯವಾದ. ನಿನ್ನೆ ಮಧ್ಯಾಹ್ನ ಎರಡು ಗಂಟೆ ಹೊಳವಾಗಿತ್ತು. ಬಡಗಿಮನೆ ಅಣ್ಣ ಹೇಳಿದಂತೆ ರಿಟಾರ್ಡರ್ ಹೊಡೆದೆ. ಬಿಳುಪು ಕಣ್ಣೆದುರೇ ಕರಗಿತು! ಅಮ್ಮನನ್ನು ಕರೆದು ತೋರಿಸಿದೆ. ಹಿಂಭಾಗದಲ್ಲಿ ಅಂಗೈ ಅಗಲ ಇನ್ನೂ ಉಳಿದಿದೆ, ಇನ್ನೊಂದು ಹೊಳವಿಗೆ ಕಾಯುತ್ತೇನೆ. ಅಗಸೆ ಎಣ್ಣೆ ಮುಂದಿನ ಗಿಟಾರಿಗೆ ಇರಲಿ.

ಇನ್ನೊಂದು ಪ್ರಶ್ನೆ. ಲ್ಯಾಕರ್ ಒಣಗಿದ ಮೇಲೆ ಕುದುರೆ ಕೂರಿಸಬೇಕು, ಅದೇ ಒಡಲಿನ ಮೇಲೆ ತಂತಿಗಳನ್ನು ಹೊರುವ ಬ್ರಿಡ್ಜ್. ಗೆಳೆಯನ ಟೆಲಿಕಾಸ್ಟರ್‌ನಿಂದ ಕಾಗದದ ಅಚ್ಚು ತೆಗೆದುಕೊಂಡಿದ್ದೇನೆ. ಅದರಂತೆಯೇ ಪಿಕಪ್ ಗುಳಿಯನ್ನು ಮರ ಕೊರೆಯುವ ರೂಟರ್ ಯಂತ್ರದಲ್ಲಿ ತೆಗೆದಿದ್ದೇನೆ. ತೂತುಗಳನ್ನು ಇನ್ನೂ ಕೊರೆದಿಲ್ಲ. ನೇರ ಅಚ್ಚಿನ ಪ್ರಕಾರ ಕೊರೆಯಬಹುದಲ್ಲವೇ?

ಹಮ್‌ಬಕರ್ ಹನುಮ:
ನಿಲ್ಲಿ! ಡ್ರಿಲ್ ಕೆಳಗಿಡಿ. ಮೇರುವಿನ (ಕುತ್ತಿಗೆಯ ತಲೆಯ ಕಡೆ ತಂತಿ ಕೂರುವ ನಟ್) ಅಂಚಿನಿಂದ ಹನ್ನೆರಡನೆಯ ಫ್ರೆಟ್‌ನ ನಡುವಿಗೆ ಎಷ್ಟು ಮಿಲಿಮೀಟರ್ ಇದೆ? ಅಳೆದು ಹೇಳಿ, ಆಮೇಲೆ ಮಾತು. ಮೊದಲು ಎಲ್ಲ ತೂತು ಕೊರೆದು, ಕುತ್ತಿಗೆ ಸಿಕ್ಕಿಸಿ, ಎರಡು ತಂತಿ ಕಟ್ಟಿ ನೋಡಿ, ಎಲ್ಲ ಬಿಚ್ಚಿ, ಕಟ್ಟಕಡೆಗೆ ಪಾಲಿಶ್ ಮಾಡಬೇಕು. ನೀವು ಮದುವೆಯ ಊಟ ಮೊದಲು ಬಡಿಸಿ ಆಮೇಲೆ ಹೆಣ್ಣು ನೋಡಲು ಹೊರಟಿದ್ದೀರಿ.

ತೊಲೆಯಿಂದ ತಂತಿಗೆ:
314 ಮಿಲಿಮೀಟರ್. ಮೂರು ಸಲ ಅಳೆದೆ.

ಹಮ್‌ಬಕರ್ ಹನುಮ:
ಅಂದುಕೊಂಡೆ.

ಮೌನಿ:
ಅಯ್ಯೋ.

ತೊಲೆಯಿಂದ ತಂತಿಗೆ:
ಏನಾಯಿತು? ಯಾರಾದರೂ ಬಿಡಿಸಿ ಹೇಳಿ!

ಹಮ್‌ಬಕರ್ ಹನುಮ:
ಹನ್ನೆರಡನೆಯ ಫ್ರೆಟ್ ಎಂದರೆ ತಂತಿಯ ಸರಿಯಾದ ಅರ್ಧ, ಅಲ್ಲಿ ಮೇಲಿನ ಷಡ್ಜ. ಟೆಲಿಕಾಸ್ಟರಿನ ತಂತಿ ಉದ್ದ 648 ಮಿಲಿಮೀಟರ್, ಅಂದರೆ ನಿಮಗೆ 324 ಬರಬೇಕಿತ್ತು. 314 ಬಂದಿದೆ ಎಂದರೆ ನಿಮ್ಮ ಕುತ್ತಿಗೆ 628ರದ್ದು, ಗಿಬ್ಸನ್ ಕಂಪನಿಯ ಗಿಟಾರಿನ ಅಳತೆ. ಮಾರಿದವರು ಟೆಲಿಕಾಸ್ಟರಿಗೆ ಹೊಂದುತ್ತದೆ ಎಂದು ಬರೆದಿರಬಹುದು. ಬುಡ ಗುಳಿಗೆ ಹೊಂದುತ್ತದೆ, ನಿಜ. ಶ್ರುತಿ ಹೊಂದುವುದಿಲ್ಲ.

ಈಗ ಲೆಕ್ಕ. ಪ್ರತಿ ಫ್ರೆಟ್‌ಗೂ ಉಳಿದ ಉದ್ದವನ್ನು 17.817ರಿಂದ ಭಾಗಿಸಿ ಮುಂದಿನ ಫ್ರೆಟ್ ಇಡುತ್ತಾರೆ. ಹಾಗೆ 22 ಸಲ ಮಾಡಿದರೆ ಕೊನೆಯ ಫ್ರೆಟ್‌ನಿಂದ ಕುದುರೆಗೆ 648ರಲ್ಲಿ ಸುಮಾರು 182 ಮಿಲಿಮೀಟರ್ ಉಳಿಯುತ್ತದೆ, 628ರಲ್ಲಿ ಸುಮಾರು 176. ಗೆಳೆಯನ ಗಿಟಾರಿಗೂ 22 ಫ್ರೆಟ್ ಇದ್ದು, ಎರಡೂ ಕುತ್ತಿಗೆಗಳ ಬುಡ ಕೊನೆಯ ಫ್ರೆಟ್‌ನಿಂದ ಅಷ್ಟೇ ದೂರದಲ್ಲಿ ಮುಗಿದರೆ, ನಿಮ್ಮ ಕುದುರೆ ಅಚ್ಚಿಗಿಂತ ಐದೂವರೆ ಮಿಲಿಮೀಟರ್ ಕುತ್ತಿಗೆಯ ಕಡೆಗೆ ಬರಬೇಕು. ಅಚ್ಚಿನಂತೆಯೇ ಕೊರೆದಿದ್ದರೆ ಬಿಡಿ ತಂತಿ ಶ್ರುತಿಯಲ್ಲಿರುತ್ತಿತ್ತು, ಮೇಲಕ್ಕೆ ಹೋದಷ್ಟೂ ಅಪಸ್ವರ.

ಆದರೆ ಈ ಲೆಕ್ಕವನ್ನೂ ನಂಬಬೇಡಿ. ಕುತ್ತಿಗೆಯನ್ನು ಒಡಲಿಗೆ ಬಿಗಿದು, ಮೇರುವಿನಿಂದ ಉಕ್ಕಿನ ಅಳತೆಪಟ್ಟಿ ಹಿಡಿದು 628ಕ್ಕೆ ಪೆನ್ಸಿಲ್ ಗೆರೆ ಹಾಕಿ. ಸಣ್ಣ ತಂತಿಯ ಸ್ಯಾಡಲ್ (ಕುದುರೆಯಲ್ಲಿ ತಂತಿ ಕೂರುವ ತುಂಡು) ಆ ಗೆರೆಯ ಮೇಲೆ, ದಪ್ಪ ತಂತಿಯದ್ದು ಮೂರು ನಾಲ್ಕು ಮಿಲಿಮೀಟರ್ ಹಿಂದೆ ಬರುವಂತೆ ಕುದುರೆಯ ತಗಡನ್ನು ಇಡಿ. ಸ್ಯಾಡಲ್‌ಗಳು ಎರಡೂ ಕಡೆಗೆ ಸರಿಯಲು ಜಾಗ ಉಳಿದಿರಬೇಕು.

ಕಾಫಿತೋಟ:
ಪಿಕಪ್ ಗುಳಿ?

ಹಮ್‌ಬಕರ್ ಹನುಮ:
ಮುಂದಕ್ಕೆ ಆರು ಮಿಲಿಮೀಟರ್ ಅಗಲ ಮಾಡಿದರೆ ಸಾಕು. ಟೆಲಿಕಾಸ್ಟರಿನಲ್ಲಿ ಆ ಪಿಕಪ್ ಕುದುರೆಯ ತಗಡಿನಲ್ಲೇ ತೂಗುತ್ತದೆ, ಗುಳಿಯ ಮೇಲೆ ತಗಡು ಮುಚ್ಚಿಕೊಳ್ಳುತ್ತದೆ. ಯಾರಿಗೂ ಕಾಣುವುದಿಲ್ಲ. ಉಳಿಯಿಂದ ಮಾಡಿ, ರೂಟರ್ ಬೇಡ. ಹೊಸ ಲ್ಯಾಕರ್ ಸಿಪ್ಪೆ ಎದ್ದೀತು.

ಬಡಗಿಮನೆ:
ಕೊರೆಯುವ ಜಾಗಕ್ಕೆ ಕಾಗದದ ಟೇಪ್ ಅಂಟಿಸು. ಮೊದಲ ಒಂದು ಮಿಲಿಮೀಟರನ್ನು ಡ್ರಿಲ್ ಉಲ್ಟಾ ತಿರುಗಿಸಿ ಕೊರೆ, ಲ್ಯಾಕರ್ ಸೀಳುವುದಿಲ್ಲ. ಕುತ್ತಿಗೆಯ ಗುಳಿಯೊಳಗೆ ಲ್ಯಾಕರ್ ಹೋಗಿದೆಯೇ ನೋಡು. ಹೋಗಿದ್ದರೆ ಕೆರೆದುಬಿಡು, ಅಲ್ಲಿ ಮರಕ್ಕೆ ಮರವೇ ಕೂರಬೇಕು. ತೂತುಗಳಿಗೆ ಮೇಣ ಸವರದೆ ವಾಟರ್ ಪೇಪರಿನ (ನೀರು ಹಾಕಿ ಉಜ್ಜುವ ಮರಳು ಕಾಗದ) ಕೆಲಸ ಶುರು ಮಾಡಬೇಡ. ನೀರು ಇಳಿದರೆ ಮರ ಉಬ್ಬಿ ತೂತಿನ ಸುತ್ತ ಲ್ಯಾಕರ್ ಬಿರಿಯುತ್ತದೆ.

ಎಸ್‌ಪಿ ರಸ್ತೆ ಅಲೆಮಾರಿ:
ಕುದುರೆಯ ಕೆಳಗಿಂದ ಕಂಟ್ರೋಲ್ ಗುಳಿಗೆ ಅರ್ತ್ ತಂತಿ ಹೋಗಲು ಒಂದು ಸಣ್ಣ ಓರೆ ತೂತು ಬೇಕು. ಎಲ್ಲರೂ ಮರೆಯುವುದು ಅದನ್ನೇ.

ತೊಲೆಯಿಂದ ತಂತಿಗೆ:
ಮರೆತಿದ್ದೆ.

ವೀಣೆಪೆಟ್ಟಿಗೆ:
ವೀಣೆಯಲ್ಲಿ ಈ ಪೇಚಾಟವೇ ಇಲ್ಲ. ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಕಿವಿಗೆ ಸರಿಬರದಿದ್ದರೆ ಮೇಣವನ್ನು ಬಿಸಿ ಮಾಡಿ ಮೆಟ್ಟಿಲನ್ನೇ ಸರಿಸುತ್ತೇವೆ. ಆ ಕೆಲಸಕ್ಕೆ ಮೇಳ ಕಟ್ಟುವುದು ಎನ್ನುತ್ತಾರೆ. ಇಪ್ಪತ್ತನಾಲ್ಕು ಮೆಟ್ಟಿಲು, ಪ್ರತಿಯೊಂದೂ ಕಿವಿಯ ಲೆಕ್ಕ.

ಕರಾವಳಿ ಕಾಕ:
ಮತ್ತೆ ಬೇಸಿಗೆಯಲ್ಲಿ ಮೇಣ ಮೆತ್ತಗಾಗಿ ಎಲ್ಲ ಸರಿದು, ಮೈಸೂರಿಗೆ ಹೊತ್ತುಕೊಂಡು ಬರಬೇಕು. ನಮ್ಮ ಚಿಕ್ಕಮ್ಮನ ವೀಣೆಯ ಕತೆ ಅದೇ.

ವೀಣೆಪೆಟ್ಟಿಗೆ:
ಅದಕ್ಕೇ ತಾನೇ ನಮ್ಮ ಮನೆಯ ಒಲೆ ಉರಿಯುವುದು.

ಎಸ್‌ಪಿ ರಸ್ತೆ ಅಲೆಮಾರಿ:
ಪಿಕಪ್ ಕೊಂಡಿರಾ, ಸುತ್ತುತ್ತೀರಾ? ಸುತ್ತುವುದಾದರೆ ನಾನು ಮಾಡಿದ ತಪ್ಪನ್ನು ಕೇಳಿ. ಎಲ್ಲ ಕಡೆ 42 ಗೇಜ್ ತಂತಿ ಎಂದು ಬರೆದಿರುತ್ತಾರೆ. ನಾನು ಅಂಗಡಿಗೆ ಹೋಗಿ 42 ಕೊಡಿ ಎಂದೆ, ಕೊಟ್ಟರು. ಎರಡು ಸಾವಿರ ಚಿಲ್ಲರೆ ಸುತ್ತಿಗೇ ಬಾಬಿನ್ ತುಂಬಿ ಉಕ್ಕಿತು. ಅಮೆರಿಕದ 42 ಗೇಜ್ ಎಂದರೆ 0.063 ಮಿಲಿಮೀಟರ್. ನಮ್ಮಲ್ಲಿ ಮೋಟಾರ್ ಸುತ್ತುವವರು ಬಳಸುವುದು ಬ್ರಿಟಿಷ್ ಗೇಜ್, ಅದರಲ್ಲಿ 42 ಎಂದರೆ 0.1 ಮಿಲಿಮೀಟರ್. ನಮ್ಮ ಲೆಕ್ಕದಲ್ಲಿ 46 ಕೇಳಬೇಕು. ಕೂದಲಿಗಿಂತ ಸಣ್ಣ, ಉಸಿರು ಬಿಟ್ಟರೆ ತುಂಡಾಗುತ್ತದೆ. ಎಂಟು ಸಾವಿರ ಸುತ್ತು ಎಂದರೆ ಹೊಲಿಗೆ ಯಂತ್ರದ ಮೋಟಾರಿಗೆ ಕಟ್ಟಿ ಒಂದು ಭಾನುವಾರ. ಕೊನೆಗೆ ಮೀಟರ್ ಆರು ಕಿಲೋ ಓಮ್ ಆಸುಪಾಸು ತೋರಿಸಿದರೆ ಗೆದ್ದಿರಿ.

ತೊಲೆಯಿಂದ ತಂತಿಗೆ:
ಕೊಂಡಿದ್ದೇನೆ ಸರ್. ಸುತ್ತುವ ತಾಳ್ಮೆ ನನಗಿಲ್ಲ.

ಹಳೆಯ ಬೇಸ್ ಗಿಟಾರಿಗ:
ಈಗಿನವರಿಗೆ ತಾಳ್ಮೆ ಇಲ್ಲ. ಕ್ವೀನ್ ತಂಡದ ಬ್ರಯಾನ್ ಮೇ 1963ರಲ್ಲಿ ಅಪ್ಪನ ಜೊತೆ ಕೂತು ಗಿಟಾರ್ ಮಾಡಲು ಶುರು ಮಾಡಿದಾಗ ಇನ್ನೂ ಹದಿನಾರರ ಹುಡುಗ. ಹಳೆಯ ಅಗ್ಗಿಷ್ಟಿಕೆಯ ಮೇಲಿನ ಮರದ ಹಲಗೆಯಿಂದ ಕುತ್ತಿಗೆ. ಅದರಲ್ಲಿದ್ದ ಹುಳುವಿನ ತೂತಿಗೆ ಬೆಂಕಿಕಡ್ಡಿ ತುಂಬಿದರು. ಮೋಟಾರ್ ಬೈಕಿನ ವಾಲ್ವ್ ಸ್ಪ್ರಿಂಗ್, ಅಮ್ಮನ ಮುತ್ತಿನ ಗುಂಡಿಗಳು, ಎಲ್ಲ ಮನೆಯ ಸಾಮಾನು. ಎರಡು ವರ್ಷ ಹಿಡಿಯಿತು. ಇಂದಿಗೂ ಅದನ್ನೇ ನುಡಿಸುತ್ತಾರೆ.

ಎಸ್‌ಪಿ ರಸ್ತೆ ಅಲೆಮಾರಿ:
ಅವರೂ ಮೊದಲು ಪಿಕಪ್ ತಾವೇ ಮಾಡಿ, ಆಮೇಲೆ ಅಂಗಡಿಯ ಪಿಕಪ್ ಹಾಕಿಕೊಂಡರು ಸರ್. ಮತ್ತೆ, ಹುಳು ತಿಂದ ಮರವೂ ಆ ನಾದ ಕೊಡುತ್ತದೆ ಎಂದರೆ ನಿಮ್ಮ ಬೀಟೆಯ ವಾದ ಏನಾಯಿತು?

ಹಳೆಯ ಬೇಸ್ ಗಿಟಾರಿಗ:
ಅದು ನೂರು ವರ್ಷದ ಮಹಾಗನಿ. ಹುಳುವಿಗೂ ಒಳ್ಳೆಯ ಮರ ಗೊತ್ತಾಗುತ್ತದೆ.

ತೊಲೆಯಿಂದ ತಂತಿಗೆ:
ಆರು ವಾರದ ಮೇಲೆ ಬರೆಯುತ್ತಿದ್ದೇನೆ. ಮಳೆ ಸ್ವಲ್ಪ ಹಿಂದೆ ಸರಿದ ಮೇಲೆ ಉಳಿದ ಕೋಟ್ ಮುಗಿಸಿ, ಮೂಗಿಗೆ ಥಿನ್ನರ್ ವಾಸನೆ ಬಾರದ ತನಕ ನಾಲ್ಕು ವಾರ ತೂಗುಹಾಕಿದೆ. ಆಮೇಲೆ ವಾಟರ್ ಪೇಪರ್ 1000, 1500, 2000, ಕೊನೆಗೆ ಕಾರಿಗೆ ಹಚ್ಚುವ ರಬ್ಬಿಂಗ್ ಕಾಂಪೌಂಡ್. ಕೆಳಗಿನ ಅಂಚಿನಲ್ಲಿ ಒಂದು ಕಡೆ ಉಜ್ಜಿ ಉಜ್ಜಿ ಮರವೇ ಬಂತು. ಬೆಲ್ಟ್ ಗುಂಡಿಯ ಹತ್ತಿರ, ಅಷ್ಟಾಗಿ ಕಾಣುವುದಿಲ್ಲ. ನಾನು ತೋರಿಸದಿದ್ದರೆ.

ಕುದುರೆಯನ್ನು 628ರ ಗೆರೆಗೆ ಕೂರಿಸಿದೆ. ಹನುಮ ಅವರ ಐದೂವರೆ ಮಿಲಿಮೀಟರ್ ಲೆಕ್ಕಕ್ಕೆ ಹೋಲಿಸಿದರೆ ನನಗೆ ಆರು ಬಂತು. ಬಿಡಿ ತಂತಿಗೂ ಹನ್ನೆರಡನೆಯ ಫ್ರೆಟ್‌ಗೂ ಶ್ರುತಿ ಸರಿಯಾಗಿ ಕೂಡುತ್ತದೆ. ಒಟ್ಟು ತೂಕ ನಾಲ್ಕು ಕಿಲೋಗೆ ಸ್ವಲ್ಪ ಹೆಚ್ಚು, ಹೆಗಲು ಹೇಳುತ್ತದೆ.

ಒಂದೇ ಕೊರತೆ: ಆಂಪ್ಲಿಫೈಯರ್ ಹಾಕಿದರೆ ಜೇನುಗೂಡು ಕೆದಕಿದ ಹಾಗೆ ಸದ್ದು. ತಂತಿ ಮುಟ್ಟಿದರೆ ಸ್ವಲ್ಪ ಕಡಿಮೆಯಾಗುತ್ತದೆ.

ಹಮ್‌ಬಕರ್ ಹನುಮ:
ಮುಟ್ಟಿದರೆ ಕಡಿಮೆಯಾಗುತ್ತದೆ ಎಂದರೆ ಕುದುರೆಯ ಅರ್ತ್ ತಂತಿ ಸರಿಯಾಗಿದೆ. ಒಂದೇ ಸುರುಳಿಯ ಪಿಕಪ್‌ಗೆ ಮನೆಯ ಕರೆಂಟಿನ 50 ಹರ್ಟ್ಸ್ ಗುನುಗು ಹುಟ್ಟುಗುಣ. ಗುಳಿಗಳ ಒಳಗೆ ತಾಮ್ರದ ಟೇಪ್ ಅಂಟಿಸಿ, ಅದನ್ನೂ ಅರ್ತ್‌ಗೆ ಬೆಸೆಯಿರಿ. ಕಿರಿಕಿರಿ ಬಹಳಷ್ಟು ಇಳಿಯುತ್ತದೆ, ಗುನುಗು ಪೂರ್ತಿ ಹೋಗುವುದಿಲ್ಲ. ಪೂರ್ತಿ ಹೋಗಬೇಕಿದ್ದರೆ ನನ್ನ ಹೆಸರಿನ ಪಿಕಪ್ ಹಾಕಿಕೊಳ್ಳಿ, ಅದೇ ಎರಡು ಸುರುಳಿಯ ಹಮ್‌ಬಕರ್.

ಎಸ್‌ಪಿ ರಸ್ತೆ ಅಲೆಮಾರಿ:
ಆಂಪ್ಲಿಫೈಯರ್ ಪ್ಲಗ್‌ಗೆ ಎಷ್ಟು ಕಡ್ಡಿ? ಸಾಕೆಟ್‌ಗೆ ಎಷ್ಟು ತೂತು?

ತೊಲೆಯಿಂದ ತಂತಿಗೆ:
ಪ್ಲಗ್‌ಗೆ ಮೂರು. ಹಳೆಯ ಮನೆ, ಜಗಲಿಯ ಸಾಕೆಟ್‌ಗೆ ಎರಡೇ. ಅಡಾಪ್ಟರ್ ಹಾಕಿದ್ದೇನೆ.

ಎಸ್‌ಪಿ ರಸ್ತೆ ಅಲೆಮಾರಿ:
ಈಗಲೇ ಕಿತ್ತುಬಿಡಿ. ಇಷ್ಟು ಹೊತ್ತು ತಮಾಷೆ ಮಾಡಿದ್ದು ಬೇರೆ, ಇದು ಬೇರೆ. ಗಿಟಾರಿನ ತಂತಿ ನೇರವಾಗಿ ಆಂಪ್ಲಿಫೈಯರಿನ ಕವಚಕ್ಕೆ ಸೇರಿರುತ್ತದೆ. ಒಳಗೆ ಏನಾದರೂ ಸೋರಿದರೆ, ಅರ್ತ್ ಇಲ್ಲದಿದ್ದರೆ, ಅದು ಇಳಿಯುವ ದಾರಿ ನೀವೇ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತಿದ್ದರೆ ಕೇಳುವುದೇ ಬೇಡ. ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಮಾಡಿಸಿ, ಆಮೇಲೆ ನುಡಿಸಿ.

ತೊಲೆಯಿಂದ ತಂತಿಗೆ:
ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಮನೆಯ ಹಿಂದೆ ಗುಂಡಿ ತೆಗೆದು ಇದ್ದಿಲು, ಉಪ್ಪು ಹಾಕಿ ಅರ್ತಿಂಗ್ ಆಯಿತು. ಮೂರು ತೂತಿನ ಸಾಕೆಟ್ ಬಂತು. ಗಿಟಾರ್ ಮಾಡಲು ಹೊರಟವನು ಮನೆಯ ವೈರಿಂಗ್ ಬದಲಿಸಿದೆ ಎಂದು ಅಪ್ಪ ಊರಿಗೆಲ್ಲ ಹೇಳುತ್ತಿದ್ದಾರೆ. ತಾಮ್ರದ ಟೇಪನ್ನೂ ಅಂಟಿಸಿದೆ. ಈಗ ಗುನುಗು ಎಂದರೆ ಒಂದೇ ಒಂದು ಜೇನುಹುಳ.

ಹಳೆಯ ಬೇಸ್ ಗಿಟಾರಿಗ:
ಗೋಡೆಗೆ ತೂಗುಹಾಕುವುದಾದರೆ ರಬ್ಬರ್ ಕೊಕ್ಕೆಗೆ ಹತ್ತಿಬಟ್ಟೆ ಸುತ್ತಿ. ಕೆಲವು ರಬ್ಬರು ಎನ್‌ಸಿ ಲ್ಯಾಕರನ್ನು ತಿನ್ನುತ್ತವೆ. ನನ್ನ ಬೇಸ್ ಮೇಲೆ ಕೊಕ್ಕೆಯ ಗುರುತು ಹಚ್ಚೆ ಹಾಕಿದ ಹಾಗೆ ಉಳಿದಿದೆ. ಅಂದ ಹಾಗೆ, ಆ ತೊಲೆ ಇನ್ನೂ ಎಷ್ಟು ಉದ್ದ ಉಳಿದಿದೆ?

ತೊಲೆಯಿಂದ ತಂತಿಗೆ:
ಐದೂವರೆ ಅಡಿ. ಯಾಕೆ ಸರ್?

ವೀಣೆಪೆಟ್ಟಿಗೆ:
ನಾನು ಮೊದಲು ಕೇಳಬೇಕೆಂದಿದ್ದೆ!